ಹಗ್ಗ ಸಮೇತ

"ಈ ಸಿನಿಮಾ ಬರದಾವರು ಜನ್ಮದಾಗ ಒಂದು ಕುರಿ ಸಾಕಿಲ್ರಿ!"

ಗಡಿ ಊರಾದ ತಿಕೋಂಡಿಯ ಕನ್ನಡ ಶಾಲೆಯ ಸಭಾಗೃಹ ಗೊಳ್ಳೆಂದು ನಕ್ಕಿತು. ಮೈಕು ಹಿಡಿದು ನಿಂತಿದ್ದ ಸೋನಾಲಿ ಟೀಚರ್ ಮುಖ ಮಾತ್ರ ಸಿಟ್ಟಿನಿಂದ ಕೆಂಪಾಗಿತ್ತು.

'ನೀಲವ್ವನ ಮರಿ'... ಅಪ್ಪ-ಅವ್ವಂದಿರ ಕಾಲದಿಂದ ಮಕ್ಕಳು ಓದುತ್ತ ಬಂದ ಪುಸ್ತಕ. ಈಗ ಅದು ಸಿನಿಮಾ ಆಗಿತ್ತು. ಶಾಲೆಯಲ್ಲೇ ಪರದೆ ಕಟ್ಟಿ ತೋರಿಸಿದ್ದರು. "ಪುಸ್ತಕ ಚಲೋನೋ, ಸಿನಿಮಾ ಚಲೋನೋ, ನಾಕ ಮಾತು ಹೇಳ್ರಿ ಬಾಯಾರ" ಎಂದು ಹೆಡ್‌ಮಾಸ್ತರ ಶಿವಯೋಗೆಪ್ಪನವರು ಸೋನಾಲಿಯ ಕೈಗೆ ಮೈಕು ಕೊಟ್ಟಿದ್ದರು. ಕೊಟ್ಟ ಗಳಿಗೆ ಎಂಥದೋ!

"ಪುಸ್ತಕದಾಗ ಏನೈತಿ? ಅಪ್ಪ ಮರಿ ಮಾರ್ತಾನ. ಮರಿ ಹೋಗ್ತೈತಿ, ಹಗ್ಗ ನೀಲವ್ವನ ಕೈಯಾಗ ಉಳಿತೈತಿ. ಅಷ್ಟ! ಸಿನಿಮಾದಾಗ ಅಕಿ ಬೆನ್ನಹತ್ತಿ ಓಡಿಹೋಗಿ, ಕೊಂಡಾವನ ಮಗಳಿಗೆ ಹಗ್ಗಾನೂ ಕೊಟ್ಟು ನಕ್ಕೋತ ಬರ್ತಾಳ! ನಮ್ಮ ಸಂತಿಯೊಳಗ ಯಾರರ ಕುರಿ ಜೋಡಿ ಹಗ್ಗ ಕೊಡ್ತಾರೇನ್ರಿ? ಹಗ್ಗ ಹೋತಂದ್ರ ಮನಿ ಲಕ್ಷ್ಮಿನ ಹೋದಂಗ!"

ಚಪ್ಪಾಳೆಯೋ ಚಪ್ಪಾಳೆ! ಡಫಳಾಪುರದ ಕುರಿ ವ್ಯಾಪಾರಿ ದುಂಡಪ್ಪನ ಮಗಳು ಅವಳು. ಅಪ್ಪನ ಪಕ್ಕ ಸಂತೆಯಲ್ಲಿ ಕುಳಿತೇ ಬೆಳೆದವಳು. ಈ ವಿಷಯದಲ್ಲಿ ಅವಳ ಮಾತಿಗೆ ಎದುರಾಡುವವರು ಯಾರು?

ಕೊನೆಯ ಬೆಂಚಿನಿಂದ ಒಬ್ಬ ಎದ್ದು ನಿಂತ. ಎತ್ತರದ ಆಳು, ಬಿಳಿ ಅಂಗಿ.

"ನಾನ ಬರದೀನ್ರಿ ಆ ಸಿನಿಮಾ. ನನ್ನ ಹೆಸರು ಶಿವಶರಣ, ಮಾಡಗ್ಯಾಳದಾಂವ. ಕುರಿ ಹಟ್ಟಿಯೊಳಗ ಹುಟ್ಟೀನಿ."

ಸಭೆಯ ತಲೆಗಳೆಲ್ಲ ಅವನತ್ತ ತಿರುಗಿದವು! ಆದರೆ ಹಿಂದೆ ಸರಿಯುವ ಜಾಯಮಾನವೇ ಸೋನಾಲಿಯದಲ್ಲ.

"ಹಂಗಾರ ಗೊತ್ತಿದ್ದೂ ತಪ್ಪ ಮಾಡೀರಿ! ಮಂದಿ ನಗಲಿ, ಟಿಕೀಟು ಖರ್ಚಾಗ್ಲಿ ಅಂತ!"

ಅವನು ಕೈಮುಗಿದು ಹೊರಟುಹೋದ.

ಗೆದ್ದೆ ಅಂದುಕೊಂಡಳು ಸೋನಾಲಿ. ಆದರೆ ಆ ಕಣ್ಣುಗಳು... ಅಯ್ಯೋ, ಯಾಕೆ ಬೆನ್ನು ಬಿಡುತ್ತಿಲ್ಲ?

ಮರುದಿನ ಬೆಳಿಗ್ಗೆ ಪರದೆ ಒಯ್ಯಲು ಅವನೇ ಬಂದ. ಖಾಲಿ ಸಭಾಗೃಹದಲ್ಲಿ ಅವಳೊಬ್ಬಳೇ ಕುರ್ಚಿ ಜೋಡಿಸುತ್ತಿದ್ದಳು. ಮೇಜಿನ ಮೇಲೆ ಅವಳ ಪುಸ್ತಕವಿತ್ತು. ಹೊಲಿಗೆ ಬಿಚ್ಚಿ ಹಾಳೆಗಳೆಲ್ಲ ಸಡಿಲವಾಗಿದ್ದವು. ಸುತ್ತಲೂ ಕೆಂಪು ದಾರ ಕಟ್ಟಿದ್ದಳು.

"ನೋಡಬಹುದೇನ್ರಿ?"

ಅವಳು ದಾರ ಬಿಚ್ಚಿ ಪುಸ್ತಕ ಕೊಟ್ಟಳು. ದಾರವನ್ನು ಮಾತ್ರ ತನ್ನ ಬೆರಳಿಗೆ ಸುತ್ತಿಕೊಂಡಳು.

ಅವನು ನಕ್ಕ. "ದಾರ ಕೊಡಂಗಿಲ್ಲೇನ್ರಿ?"

"ಹಗ್ಗ ಮನ್ಯಾಗ ಇರಬೇಕ್ರಿ," ಎಂದಳು ಬಿಗುವಾಗಿ. ಆದರೆ ತುಟಿ ಮಾತು ಕೇಳಲಿಲ್ಲ, ಅವಳಿಗೂ ನಗು ಬಂತು.

ಅವನು ಕೊನೆಯ ಪುಟ ತೆರೆದು, ನೋಡದೆಯೇ ಬಾಯಿಪಾಠ ಹೇಳಿದ. "ಮರಿ ಹೋಯಿತು. ನೀಲವ್ವ ಹಗ್ಗವನ್ನು ಎದೆಗೊತ್ತಿಕೊಂಡಳು. ಅದರಲ್ಲಿ ಇನ್ನೂ ಮರಿಯ ಕೊರಳಿನ ಬಿಸಿಯಿತ್ತು."

ಸೋನಾಲಿಯ ಕಣ್ಣುಗಳು ತುಂಬಿದವು. "ನಮ್ಮವ್ವ ಓದಿ ಹೇಳ್ತಿದ್ಲು. ನಾ ನಾಕನೇ ಇಯತ್ತೆ ಓದುಮುಂದ ತೀರಿಹೋದ್ಲು. ಈ ಪುಸ್ತಕ ಅಷ್ಟ ಉಳದೈತ್ರಿ. ಅದಕ್ಕ ನೀವು ಅದರ ಕೊನೀ ತಿರುಗಿಸಿದ್ದು ನನಗ... ತಡಕೊಳ್ಳಾಕ ಆಗಲಿಲ್ಲ."

ಅವನು ಸಡಿಲ ಹಾಳೆಗಳನ್ನು ಒಂದೊಂದಾಗಿ ಜೋಡಿಸತೊಡಗಿದ. ಆ ಬೆರಳುಗಳಲ್ಲಿ ಎಷ್ಟು ಮರುಕವಿತ್ತೆಂದರೆ, ಸೋನಾಲಿಗೆ ಇನ್ನೂ ಅವ್ವನ ವಿಷಯವನ್ನೇ ಹೇಳುತ್ತ ಕೂರಬೇಕೆನಿಸಿತು.

"ಒಂದು ಕೇಳ್ಲೇನ್ರಿ?" ಎಂದಳು. "ಹಗ್ಗ ಯಾಕ ಕೊಡಿಸಿದ್ರಿ?"

"ನೋಡಿ ತಿಳೀಲಿಲ್ಲಂದ್ರ ಬಾಯಿಲೆ ಹೇಳಿ ಏನ ಉಪಯೋಗ ಬಾಯಾರ? ನಮ್ಮ ಮಂದಿಗೇ ತಿಳೀಲಿಲ್ಲಂದ್ರ ನಾ ಸೋತಂಗ. ರವಿವಾರ ಜತ್ತದಾಗ ಕಡೀ ಆಟ. ಅದು ಮುಗಿದ್ರ ಕೊಲ್ಲಾಪುರಕ್ಕ ಹೋಗ್ತೀನಿ, ಮರಾಠಿ ಸೀರಿಯಲ್ ಬರಿಯಾಕ. ಇನ್ನ ಕನ್ನಡದಾಗ ಬರಿಯಂಗಿಲ್ಲ."

ಪುಸ್ತಕ ಹಿಂತಿರುಗಿಸಿ, ಪರದೆಯನ್ನು ಹೆಗಲಿಗೆ ಹಾಕಿಕೊಂಡು ಹೋದ. ಸೋನಾಲಿಯ ಎದೆಯಲ್ಲಿ ಏನೋ ಕಿತ್ತುಕೊಂಡು ಹೋದಂತಾಯಿತು.

'ನನಗೇನು? ಹೋಗಲಿ ಬಿಡು!' ಎಂದು ಮನಸ್ಸಿಗೆ ಹೇಳಿದಳು. ಮನಸ್ಸು ಕೇಳಬೇಕಲ್ಲ! ಅವಳ ಭಾಷಣವನ್ನು ಯಾರೋ ಮೊಬೈಲಿನಲ್ಲಿ ಹಿಡಿದು ವಾಟ್ಸ್ಯಾಪಿಗೆ ಬಿಟ್ಟಿದ್ದರು. ಊರೂರಲ್ಲೂ 'ಬಾಯಾರ ಹೇಳಿದ್ದ ಖರೆ' ಎಂದು ಜನ ನಗುತ್ತಿದ್ದರು. ಮೊದಲು ಹಿಗ್ಗಿದವಳಿಗೆ ಈಗ ಆ ನಗು ಚುಚ್ಚತೊಡಗಿತು.

ಶನಿವಾರ ಸೋದರತ್ತೆ ಇಂದ್ರಾಬಾಯಿಯ ಮನೆಗೆ ಹೋದಳು. ಅತ್ತೆಯ ಮಗಳು ಸೃಷ್ಟಿ ಬಾಣಂತನ ಮುಗಿಸಿ, ಕೂಸನ್ನೆತ್ತಿಕೊಂಡು ಗಂಡನ ಮನೆಗೆ ಹೊರಟಿದ್ದಳು. ಗಾಡಿ ಬಾಗಿಲಿಗೆ ಬಂದಿತ್ತು.

ಇಂದ್ರಾಬಾಯಿ ಹಟ್ಟಿಯಿಂದ ಒಂದು ಹೆಣ್ಣು ಮರಿ ಹಿಡಿದು ತಂದಳು. ಉಬ್ಬು ಮೂಗಿನ, ಕಂದು ಮಚ್ಚೆಯ ಮರಿ. ಅದರ ಹಣೆಗೆ ಕುಂಕುಮ ಹಚ್ಚಿ, ಹಗ್ಗದ ತುದಿಯನ್ನು ಮಗಳ ಕೈಯಲ್ಲಿಟ್ಟು, ತಾನು ಕೈಬಿಟ್ಟಳು.

ಸೋನಾಲಿ ಬೆಚ್ಚಿದಳು. "ಅತ್ತೀ! ಹಗ್ಗ ಕೊಟ್ಟಿ?"

"ಮತ್ತ? ನಾ ಏನ ಮಾರಾಕತ್ತೀನೇನ? ಮಾರಿದ್ರ ಹಗ್ಗ ಇಟ್ಕೋಬೇಕು. ಮನಸಾರೆ ಕೊಟ್ರ ಹಗ್ಗ ಹಿಡೀಬಾರದು. ಹಗ್ಗ ಇಟ್ಕೊಂಡಾಕಿ ಕೊಟ್ಟಂಗ ಹೆಂಗಾಕ್ಕೈತಿ?" ಇಂದ್ರಾಬಾಯಿ ಸೆರಗಿನಿಂದ ಕಣ್ಣೊರೆಸಿಕೊಂಡಳು. ನಗುತ್ತಲೂ ಇದ್ದಳು.

ಥೇಟ್ ಸಿನಿಮಾದ ನೀಲವ್ವನಂತೆ!

ಸೋನಾಲಿ ಹಾಗೇ ಕಟ್ಟೆಯ ಮೇಲೆ ಕುಳಿತಳು. ಸಂತೆಯಲ್ಲಿ ಬೆಳೆದವಳು ಅವಳು... ಸಂತೆಯಲ್ಲಿ ಎಲ್ಲರೂ ಮಾರುತ್ತಾರೆ, ಯಾರೂ ಕೊಡುವುದಿಲ್ಲ! ಸಿನಿಮಾದಲ್ಲಿ ಅಪ್ಪ ಮಾರಿದ ಮರಿಯನ್ನು ನೀಲವ್ವ ಓಡಿಹೋಗಿ ತನ್ನ ಕೈಯಾರೆ ಕೊಟ್ಟಿದ್ದಳು. ಹುಡುಗಿಯ ಸೋಲನ್ನು ಶಿವಶರಣ ಗೆಲುವು ಮಾಡಿದ್ದ. ತಾನೋ, ಅರ್ಧ ಪದ್ಧತಿ ತಿಳಿದು ಪೂರ್ತಿ ಮನುಷ್ಯನನ್ನು ನಗೆಪಾಟಲು ಮಾಡಿದ್ದಳು.

'ಅವನು ಹೋಗಬಾರದು. ನನಗೆ ಅವನು ಬೇಕು!' ಎದೆ ಕೂಗಿ ಹೇಳಿತು. ಈ ಸಲ ಅವಳು ಅದರ ಬಾಯಿ ಮುಚ್ಚಲಿಲ್ಲ.

ರವಿವಾರ ಜತ್ತಿನ ಟಾಕೀಸಿನಲ್ಲಿ ಆಟ ಮುಗಿಯುವ ಹೊತ್ತಿಗೆ ಸೋನಾಲಿ ಓಡುತ್ತ ಬಂದಳು. ತೆರೆಯ ಮೇಲೆ ನೀಲವ್ವ ಹಗ್ಗ ಕೊಡುತ್ತಿದ್ದಳು. ಜನ ಆಗಲೇ ಮುಸಿಮುಸಿ ನಗತೊಡಗಿದ್ದರು. "ನೋಡ್ರಿ, ಹಗ್ಗ ಕೊಟ್ಲು!" ಬಾಗಿಲ ಬಳಿ ಬ್ಯಾಗು ಹಿಡಿದು ಶಿವಶರಣ ನಿಂತಿದ್ದ.

ಅವಳು ನೇರ ವೇದಿಕೆ ಹತ್ತಿದಳು.

"ನಗಬ್ಯಾಡ್ರಿ! ನಿಮಗ ನಗಾಕ ಕಲಿಸಿದಾಕಿ ನಾನ! ನಾ ತಪ್ಪಿದೆ!"

ಗದ್ದಲ ನಿಂತಿತು.

"ನಿಮ್ಮ ಮನಿ ಮಗಳು ಕೂಸು ಎತ್ಕೊಂಡು ಗಂಡನ ಮನಿಗೆ ಹೋಗುಮುಂದ ಮರಿ ಕೊಡ್ತೀರಿಲ್ಲ? ಹಗ್ಗ ಇಟ್ಕೋತೀರೇನ್ರಿ?"

ಮುಂದಿನ ಸಾಲಿನ ಮುದುಕಿಯೊಬ್ಬಳು ಎದ್ದಳು. "ಯವ್ವಾ, ಅದ್ಹೆಂಗ ಇಟ್ಕೋತಾರ!"

"ಹೌದಿಲ್ಲ? ಪುಸ್ತಕದ ನೀಲವ್ವ ಮರಿ ಕಳಕೊಂಡ್ಲು. ಸಿನಿಮಾದ ನೀಲವ್ವ ಮರಿ ಕೊಟ್ಲು! ಕಳಕೊಂಡಾಕಿ ಸಲುವಾಗಿ ನಾ ಇಷ್ಟು ವರ್ಷ ಅತ್ತೀನಿ. ಕೊಟ್ಟಾಕಿನ್ನ ನೋಡಿ ತಲಿ ಎತ್ತಿ ನಿಂತೀನಿ. ಕುರಿ ಹಟ್ಟಿಯಾಗ ಹುಟ್ಟಿದಾವರಿಗಷ್ಟ ಹಿಂಗ ಬರಿಯಾಕ ಬರ್ತೈತ್ರಿ!"

ಮೊದಲು ಮುದುಕಿಯ ಚಪ್ಪಾಳೆ ಕೇಳಿಸಿತು, ಹಿಂದೆಯೇ ಇಡೀ ಟಾಕೀಸು ಎದ್ದು ನಿಂತಿತು! "ಮತ್ತೊಮ್ಮೆ ಹಾಕ್ರಿ ಆ ಸೀನು!" ಎಂದು ಕೂಗಿದರು. ಆಪರೇಟರು ಮತ್ತೊಮ್ಮೆ ಹಾಕಿದ. ನೀಲವ್ವ ಹಗ್ಗ ಕೊಟ್ಟಾಗ ಈ ಸಲ ಸಿಳ್ಳೆಯೇ ಸಿಳ್ಳೆ!

ಶಿವಶರಣನ ಕೈಯಿಂದ ಬ್ಯಾಗು ಜಾರಿ ಕೆಳಗೆ ಬಿತ್ತು.

ಹೊರಗೆ, ಬೇವಿನ ಮರದ ಕೆಳಗೆ ಇಬ್ಬರೂ ಎದುರುಬದುರು ನಿಂತರು.

"ಹಂಗಾರ ಪುಸ್ತಕ ಸೋತಿತೇನ್ರಿ ಬಾಯಾರ?"

"ಎರಡೂ ಗೆದ್ದಾವು. ಸೋತಾಕಿ ನಾ ಒಬ್ಬಾಕಿ." ಅವಳು ಅವನ ಬ್ಯಾಗಿನತ್ತ ನೋಡಿದಳು. "ಕೊಲ್ಲಾಪುರಕ್ಕ ಹೋಗೂದು...?"

"ಇಷ್ಟ ಮಂದಿ ಸಿಳ್ಳಿ ಹೊಡದ ಮ್ಯಾಲ ಹೆಂಗ ಹೋಗ್ಲಿ? ಕನ್ನಡದಾಗನ ಬರಿತೀನಿ. ಆದ್ರ..."

"ಆದ್ರ?"

"ನೀವು ಸಿಳ್ಳಿ ಹೊಡಿಲಿಲ್ಲ ನೋಡ್ರಿ!"

ಕಣ್ಣೀರಿನ ನಡುವೆಯೇ ಅವಳು ನಕ್ಕಳು. ಚೀಲದಿಂದ ಅವ್ವನ ಪುಸ್ತಕ ತೆಗೆದು ಎರಡೂ ಕೈಯಿಂದ ಅವನ ಮುಂದೆ ಹಿಡಿದಳು.

ಅವನು ರೂಢಿಯಂತೆ ಕೆಂಪು ದಾರ ಬಿಚ್ಚಿ ಅವಳಿಗೆ ಕೊಡಲು ಹೋದ. ಅವಳು ಅವನ ಕೈ ಹಿಡಿದು ತಡೆದಳು.

"ಬಿಚ್ಚಬ್ಯಾಡ್ರಿ. ದಾರಾನೂ ನಿಮ್ಮದ."

ಕುರಿ ಹಟ್ಟಿಯಲ್ಲಿ ಹುಟ್ಟಿದವನಿಗೆ ಇದನ್ನು ಬಿಡಿಸಿ ಹೇಳಬೇಕೇ?

"ಸೋನಾಲಿ... ತಿರುಗಿ ಕೇಳಂಗಿಲ್ಲ ಮತ್ತ!"

"ಕೇಳಂಗಿಲ್ರಿ." ಅವಳು ಅವನ ಬೆರಳಿಗೆ ದಾರದ ತುದಿ ಸುತ್ತಿ, ತನ್ನ ಕೈ ಬಿಟ್ಟಳು. "ಮನಸಾರೆ ಕೊಟ್ಟೀನಿ."