ಕಿಟಕಿಯ ಮೇಲಿನ ಮೀನುಗಳು

ಮೊದಲು ಮರದ ಪಟ್ಟಿ ಬಿತ್ತು. ಅದರ ಹಿಂದೆಯೇ ಮೂರು ಟೈಲ್ಸು. ಎಲ್ಲವೂ ಬಚ್ಚಲುಮನೆಯ ಕಿಟಕಿಯ ಮೇಲಿಂದ ಸೀದಾ ಬಕೆಟ್ಟಿನೊಳಗೆ.

"ಏನದು ಸದ್ದು?" ಅಡುಗೆಮನೆಯಿಂದ ಅಜ್ಜಿ ಕೇಳಿದರು.

"ನಾನಲ್ಲಪ್ಪ, ನಾನು ಹೋಂವರ್ಕ್ ಮಾಡ್ತಿದ್ದೆ," ಎಂದಳು ಚೂಟಿ. ಅವಳನ್ನು ಯಾರೂ ಏನೂ ಕೇಳಿರಲಿಲ್ಲ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗಾಯಿತು.

ಊಟಕ್ಕೆ ಕೂತಿದ್ದ ಚಿಕ್ಕಪ್ಪ ಎಂಜಲು ಕೈಯಲ್ಲೇ ಓಡಿ ಬಂದ. ಬಕೆಟ್ಟು ನೋಡಿದ, ಕಿಟಕಿಯ ಮೇಲೆ ನೋಡಿದ. ಅವನ ಮುಖ ಬಾಡಿಹೋಯಿತು.

ಆ ಗೋಡೆ ಮೊದಲಿನಿಂದಲೂ ತಂಟೆಯದು. ಕಿಟಕಿಯ ಒಂದು ಬದಿಗೆ ಜಾರುವ ಹಳೇ ಆಯಿಲ್ ಪೇಂಟು, ಇನ್ನೊಂದು ಬದಿಗೆ ಹಲಗೆ. ಅಂಟು ಹಿಡಿಯಲೆಂದು ಚಿಕ್ಕಪ್ಪ ವಾರವಿಡೀ ಪೇಂಟು ಕೆರೆದು, ಉಳಿಯಿಂದ ಕಚ್ಚು ಹೊಡೆದು, ಹಲಗೆಯ ಮೇಲೆ ಜಾಲರಿ ಬಡಿದಿದ್ದ. ಇಷ್ಟು ದಿನ ಮೇಸ್ತ್ರಿಯ ಕೈಕೆಳಗೆ ಹೆಲ್ಪರ್ ಆಗಿದ್ದವನು ಒಬ್ಬನೇ ಹಿಡಿದ ಮೊದಲ ಕೆಲಸ ಅದು. ನಾಳೆಯಿಂದ ಬೇರೆಯವರ ಮನೆಯ ಕೆಲಸವನ್ನೂ ಒಪ್ಪಿಕೊಂಡಿದ್ದ.

ಕಿಟಕಿಯ ಅಕ್ಕಪಕ್ಕದ ಟೈಲ್ಸು ನಿನ್ನೆಯೇ ಮುಗಿದಿತ್ತು. ಮೇಲಿನ ಸಾಲು ಮಾತ್ರ ಇವತ್ತು ಬೆಳಿಗ್ಗೆಯದು. ಅದರ ಕೆಳಗೆ ಕಿಟಕಿ ಇರುವುದರಿಂದ ಆಸರೆ ಇಲ್ಲ. ಅಂಟು ಒಣಗುವ ತನಕ ಟೈಲ್ಸು ಕೂತಿರಲಿ ಎಂದು ಚಿಕ್ಕಪ್ಪ ಆ ಸಾಲಿನ ಕೆಳಗೆ ಅಡ್ಡಲಾಗಿ ಒಂದು ಮರದ ಪಟ್ಟಿಯನ್ನು ಮೊಳೆ ಹೊಡೆದು ಕೂರಿಸಿದ್ದ. "ನಾಳೆವರೆಗೂ ಇದನ್ನ ಯಾರೂ ಮುಟ್ಟಬಾರದು," ಎಂದೂ ಹೇಳಿದ್ದ.

ಚೂಟಿ ಮುಟ್ಟಿದ್ದಳು. ಮೇಲಿನ ಸಾಲಿನ ಮೀನಿನ ಚಿತ್ರದ ಟೈಲ್ಸು ಅಂಗಡಿಯಲ್ಲಿ ಅವಳೇ ಆರಿಸಿದ್ದು. ಸ್ವಲ್ಪ ಹೊತ್ತಿನ ಮುಂಚೆ ಪಕ್ಕದ ಮನೆ ಗೆಳತಿಗೆ ತೋರಿಸಿದರೆ, "ಮೀನಿಗೆ ಹೊಟ್ಟೆನೇ ಇಲ್ಲ ಕಣೇ," ಎಂದು ಅವಳು ನಕ್ಕಳು. ಕೆಳಗೆ ನಿಂತು ನೋಡಿದರೆ ದಪ್ಪ ಪಟ್ಟಿ ಹೊಟ್ಟೆಯನ್ನು ಮರೆ ಮಾಡುತ್ತಿತ್ತು. ಚೂಟಿ ಸ್ಟೂಲ್ ಹತ್ತಿ, ಸುತ್ತಿಗೆಯ ಹಿಂಬದಿಯಿಂದ ಮೊಳೆ ಕಿತ್ತು, ಮೀನಿನ ಹೊಟ್ಟೆ ತೋರಿಸಿ, ಪಟ್ಟಿಯನ್ನು ಮತ್ತೆ ಅಲ್ಲೇ ಇಟ್ಟಿದ್ದಳು.

"ಈ ಗೋಡೆಗೆ ಟೈಲ್ಸು ಹಚ್ಚೋದು ಹೊಳೇಲಿ ಹುಣಸೆಹಣ್ಣು ಕಿವುಚಿದ ಹಾಗೆ ಅಂತ ಅವತ್ತೇ ಹೇಳಿದ್ದೆ," ಎಂದರು ಅಜ್ಜಿ.

ಚಿಕ್ಕಪ್ಪ ಬಿದ್ದ ಟೈಲ್ಸನ್ನು ಬಕೆಟ್ಟಿನಿಂದ ಎತ್ತಿ ಪಕ್ಕಕ್ಕಿಟ್ಟ. "ಮೊಳೆನೂ ಹಿಡೀಲಿಲ್ಲ, ಅಂಟೂ ಹಿಡೀಲಿಲ್ಲ. ಅಕ್ಕಪಕ್ಕದ್ದೂ ಇವತ್ತೋ ನಾಳೆನೋ ಬೀಳುತ್ತೆ. ಯಾರ ತಲೆ ಮೇಲಾದ್ರೂ ಬೀಳೋ ಮೊದಲು ಎಲ್ಲಾ ಕಿತ್ತುಬಿಡ್ತೀನಿ."

"ನಾಳೆ ಕೆಲಸ?"

"ಬರಲ್ಲ ಅಂತ ಹೇಳ್ತೀನಿ ಅಮ್ಮ. ಮತ್ತೆ ಮೇಸ್ತ್ರಿ ಹತ್ರಾನೇ ಹೋಗ್ತೀನಿ. ನನಗೆ ಅಷ್ಟೇ ಲಾಯಕ್ಕು."

ಅವನು ಕೈ ತೊಳೆದು ಉಳಿ ಎತ್ತಿಕೊಂಡ.

ಚೂಟಿ ಬಚ್ಚಲುಮನೆಯ ಬಾಗಿಲಿಗೆ ಬಂದು ನಿಂತಳು. ಹೇಳಿದರೆ ಬೈಗುಳ, ಏಟೂ ಬೀಳಬಹುದು. ಸುಮ್ಮನಿದ್ದರೆ ಯಾರಿಗೂ ಗೊತ್ತಾಗುವುದಿಲ್ಲ. ಚಿಕ್ಕಪ್ಪ ಕಿಟಕಿಯ ಪಕ್ಕದ ಟೈಲ್ಸಿನ ಅಂಚಿಗೆ ಉಳಿ ಇಟ್ಟು ಸುತ್ತಿಗೆ ಎತ್ತಿದ.

"ಚಿಕ್ಕಪ್ಪ, ಮೊಳೆ ಹಿಡಿದಿತ್ತು."

"ಏನು?"

"ಗಟ್ಟಿಯಾಗೇ ಹಿಡಿದಿತ್ತು. ನಾನೇ ಕಿತ್ತಿದ್ದು. ಆಮೇಲೆ ಹೆಬ್ಬೆರಳಲ್ಲಿ ಒತ್ತಿ ಇಟ್ಟೆ."

ಚಿಕ್ಕಪ್ಪ ಸುತ್ತಿಗೆ ಇಳಿಸಿದ. ಚೂಟಿ ಕಣ್ಣು ಮುಚ್ಚಿಕೊಂಡಳು. ಏಟು ಬೀಳಲಿಲ್ಲ. ಕಣ್ಣು ಬಿಟ್ಟು ನೋಡಿದರೆ ಚಿಕ್ಕಪ್ಪ ಟೈಲ್ಸಿನ ಅಂಚಿಗೆ ಉಗುರು ಕೊಟ್ಟು ಎಳೆಯುತ್ತಿದ್ದ. ಅದು ಅಲುಗಲಿಲ್ಲ. ಹಲಗೆಯ ಬದಿಯದನ್ನೂ ಎಳೆದ. ಅದೂ ಅಲುಗಲಿಲ್ಲ. ಒಂದೊಂದನ್ನೇ ಬೆರಳ ಗೆಣ್ಣಿನಿಂದ ತಟ್ಟಿ, ಒಳಗೆ ಟೊಳ್ಳು ಸದ್ದು ಬರುತ್ತದೆಯೇ ಎಂದು ಕಿವಿಯಿಟ್ಟು ಕೇಳಿದ.

"ಕೂತಿದೆ ಅಮ್ಮ," ಎಂದ. "ಎಲ್ಲಾ ಕೂತಿದೆ."

"ಇವಳಿಗೆ ಎರಡು ಬಿಗೀಬೇಕು," ಎಂದರು ಅಜ್ಜಿ.

"ಬೈಯೋಣ, ಆಮೇಲೆ ಬೈಯೋಣ." ಚಿಕ್ಕಪ್ಪ ಚೂಟಿಯ ಮುಂದೆ ಕುಕ್ಕರಗಾಲಲ್ಲಿ ಕೂತ. "ಕೀಳುವಾಗ ನಿಜವಾಗ್ಲೂ ಗಟ್ಟಿಯಾಗಿತ್ತಾ?"

"ಹೂಂ. ಎಳೆದೂ ಎಳೆದೂ ಸ್ಟೂಲಿಂದ ಬೀಳೋ ಹಾಗಾಯ್ತು."

"ಪಟ್ಟಿ ತೆಗೆದಾಗ ಟೈಲ್ಸು ತಕ್ಷಣ ಜಾರ್ತಾ?"

"ಇಲ್ಲ. ಆಗ ಹಾಗೇ ನಿಂತಿತ್ತು."

"ಇನ್ನೊಂದ್ಸಲ ಹೇಳು."

ಚಿಕ್ಕಪ್ಪ ಕೂತಲ್ಲಿಂದಲೇ ಕೈ ಚಾಚಿ ಪಕ್ಕದ ಟೈಲ್ಸನ್ನು ಮತ್ತೊಮ್ಮೆ ಎಳೆದು ನೋಡಿದ. ಅಷ್ಟು ಹೊತ್ತೂ ಹೆದರಿಕೊಂಡಿದ್ದವಳು ತಾನೊಬ್ಬಳೇ ಎಂದುಕೊಂಡಿದ್ದಳು ಚೂಟಿ; ತನ್ನ ಕೆಲಸವೇ ಕೆಟ್ಟಿತೆಂದು ಚಿಕ್ಕಪ್ಪನೂ ಹೆದರಿದ್ದ.

ಅವಳು ಮತ್ತೆ ಮೊದಲಿನಿಂದ ಹೇಳಿದಳು, ಈ ಸಲ ನಿಧಾನವಾಗಿ, ಅಜ್ಜಿಗೂ ಕೇಳುವಂತೆ.