ಬಣ್ಣ ತಿರುಗದ ಲೋಟ

ದಿನಾಂಕ 12, ಸೋಮವಾರ, ಬೆಳಿಗ್ಗೆ 10.15. ಬಂದರು ಪೊಲೀಸ್ ಠಾಣೆಗೆ ಐವತ್ತರ ಆಸುಪಾಸಿನ ಹೆಂಗಸೊಬ್ಬರು ಬಂದು, ತಮ್ಮ ಗಂಡನಿಗೆ ಗೊತ್ತಿಲ್ಲದಂತೆ ಯಾರೋ ಮದ್ಯ ಕುಡಿಸಿದ್ದಾರೆ ಎಂದು ದೂರು ಕೊಟ್ಟರು. ಮನೆಯಲ್ಲೇ ಹೊಲಿಗೆ ಮಾಡುವವರು. ದೂರು ಬರೆದುಕೊಂಡ ಹೆಡ್ ಕಾನ್‌ಸ್ಟೆಬಲ್‌ಗೆ ಇಪ್ಪತ್ತೆಂಟು ವರ್ಷದ ಸರ್ವಿಸು. ಗಂಡ ಕುಡಿಯುತ್ತಾನೆ ಎಂದು ಅಳುತ್ತ ಬಂದ ಹೆಂಡತಿಯರ ಲೆಕ್ಕ ಅವರು ಎಂದೋ ಬಿಟ್ಟಿದ್ದರು. ಕುಡಿದಿಲ್ಲ ಎಂದು ಹೇಳಲು ಬಂದವರು ಇವರೇ ಮೊದಲು.

ಗಂಡ ಹಡಗಿನ ನಿವೃತ್ತ ಕ್ಯಾಪ್ಟನ್. ಈಗ ಸ್ವಂತದ್ದೊಂದು ಸಣ್ಣ ಮೋಟಾರ್ ಬೋಟಿನಲ್ಲಿ ಭಾನುವಾರ ಮಧ್ಯಾಹ್ನ ಆರು ಜನರನ್ನು ಕೂರಿಸಿಕೊಂಡು ಕಡಲು ಸುತ್ತಿಸುತ್ತಿದ್ದರು. ಬಂದವರಿಗೆ ತಾವೇ ಕಾಕ್‌ಟೇಲ್ ಬೆರೆಸಿ ಕೊಡುವುದು ಅವರ ಹೆಗ್ಗಳಿಕೆ. ಬಿಳಿ ರಮ್, ಎಳನೀರು, ನೀಲಿ ಬಣ್ಣದ ಕಿತ್ತಳೆ ಲಿಕರ್. ಲೋಟದ ಬಾಯಿಗೆ ಉಪ್ಪು. ಬೆರೆಸುವುದಷ್ಟೇ, ತಾವು ಕುಡಿಯುವುದಿಲ್ಲ. ಕುಡಿತ ಬಿಟ್ಟು ಆರು ವರ್ಷ ಆಗಿತ್ತು. ಹಿಂದಿನ ದಿನ, 11ರ ಭಾನುವಾರ ಸಂಜೆ 4.25ಕ್ಕೆ ಆ ಬೋಟು ಹಗಲು ಬೆಳಕಿನಲ್ಲೇ ಅಲೆತಡೆಯ ಕಲ್ಲಿಗೆ ಬಡಿದಿತ್ತು. ಪ್ರಯಾಣಿಕರಲ್ಲಿ ಒಬ್ಬರ ಕೈ ಮುರಿದಿತ್ತು, ಕ್ಯಾಪ್ಟನ್ ತಲೆಗೆ ಏಳು ಹೊಲಿಗೆ ಬಿದ್ದಿತ್ತು. ಊದಿಸಿ ನೋಡಿದಾಗ ಮದ್ಯ ಇತ್ತು. ಬಂದರು ಕಚೇರಿ ಸ್ಥಳದಲ್ಲೇ ಲೈಸೆನ್ಸ್ ತಡೆಹಿಡಿಯಿತು.

ಇನ್‌ಸ್ಪೆಕ್ಟರ್ ದೂರನ್ನು ಓದಿ, ಅವರು ತಾವಾಗಿಯೇ ಕುಡಿದಿರಬಹುದಲ್ಲ ಎಂದು ಕೇಳಿದರು.

ಆಕೆ ಚೀಲದಿಂದ ಸ್ಟೀಲ್ ಫ್ಲಾಸ್ಕೊಂದನ್ನು ತೆಗೆದು ಮೇಜಿನ ಮೇಲಿಟ್ಟರು. ಅದು ಆಸ್ಪತ್ರೆಯವರು ಕೊಟ್ಟ ಗಂಡನ ಸಾಮಾನಿನಲ್ಲಿ ಬಂದದ್ದು.

"ಶಂಖಪುಷ್ಪದ ನೀರು ಮೇಡಂ. ಪ್ರತಿ ಭಾನುವಾರ ನಾನೇ ನೆನೆಸಿ ಕೊಡ್ತೀನಿ. ಎಲ್ಲರ ಕೈಯಲ್ಲೂ ನೀಲಿ ಲೋಟ ಇರೋವಾಗ ಇವರದೊಂದೇ ಬೇರೆ ಕಾಣಬಾರದು ಅಂತ. ನಿನ್ನೆ ಒಂದು ಹನೀನೂ ಖರ್ಚಾಗಿಲ್ಲ, ನೋಡಿ."

ತುಂಬಿದ ಫ್ಲಾಸ್ಕು ಗಂಡ ತಪ್ಪಿತಸ್ಥನಲ್ಲ ಎನ್ನುವುದಕ್ಕೂ ಸಾಕ್ಷಿ, ತಪ್ಪಿತಸ್ಥ ಎನ್ನುವುದಕ್ಕೂ ಸಾಕ್ಷಿ. ಇನ್‌ಸ್ಪೆಕ್ಟರ್ ಹಾಗೆಂದು ಹೇಳಲಿಲ್ಲ. ಇದರಿಂದ ನಿಮಗೆ ಏನಾಗಬೇಕು, ಲೈಸೆನ್ಸ್ ವಾಪಸ್ ಬೇಕೆ ಎಂದರು.

"ಲೈಸೆನ್ಸ್ ಹಾಳಾಗಿ ಹೋಗಲಿ. ಮತ್ತೆ ಮುಟ್ಟಿದ್ರೆ ನಾನು ಈ ಮನೇಲಿರಲ್ಲ ಅಂತ ಆರು ವರ್ಷದ ಹಿಂದೆ ಹೇಳಿದ್ದೀನಿ. ಸುಮ್ಮನೆ ಹೇಳಿದ ಮಾತಲ್ಲ. ಅವರು ಮುಟ್ಟಿದ್ರಾ ಇಲ್ವಾ, ಅದೊಂದು ಗೊತ್ತಾಗಬೇಕು ನನಗೆ."

10.50ಕ್ಕೆ ಎಫ್‌ಐಆರ್ ದಾಖಲಾಯಿತು.

ಮಧ್ಯಾಹ್ನ 12.30ಕ್ಕೆ ಬೋಟಿನಲ್ಲಿ ಸ್ಥಳ ಪಂಚನಾಮೆ. ದೋಣಿ ಟಿಕೆಟ್ ಕೊಡುವವನೂ ಬಲೆ ಹೆಣೆಯುವ ಮುದುಕನೂ ಪಂಚರು. ಡೆಕ್ಕಿನ ಮೇಲೆ ಅಂಗೈಯಗಲದ ಕೌಂಟರು, ಅದರ ಕೆಳಗೆ ಐಸ್ ಪೆಟ್ಟಿಗೆ, ಅಳತೆಯ ಕಪ್ಪು, ಮರದ ಚಮಚ, ಅತಿಥಿಗಳ ಪಾನೀಯ ಬೆರೆಸಿಟ್ಟ ದೊಡ್ಡ ಗಾಜಿನ ಜಗ್ಗು. ಜಗ್ಗು ಒಡೆದಿತ್ತು. ಆರು ಲೋಟಗಳೂ ಪುಡಿ. ಏಳನೆಯದು ಮಾತ್ರ ಚುಕ್ಕಾಣಿಯ ಸೀಟಿನ ಹಿಂದೆ ಸಿಕ್ಕಿಕೊಂಡು ಒಡೆಯದೆ ಉಳಿದಿತ್ತು. ತಳದಲ್ಲಿ ಹಿಂಡಿದ ನಿಂಬೆ ಹೋಳು, ಒಂದು ಚಮಚದಷ್ಟು ನೀಲಿ ದ್ರವ. ಮುದುಕ ಮೂಸಿ ನೋಡಿ ರಮ್ ಎಂದ. ಪಂಚನಾಮೆಯಲ್ಲಿ ಮೂಗಿನ ಸಾಕ್ಷ್ಯಕ್ಕೆ ಕಾಲಂ ಇಲ್ಲವೆಂದು ಹೆಡ್ ಕಾನ್‌ಸ್ಟೆಬಲ್ ಅವನನ್ನು ಸುಮ್ಮನಾಗಿಸಿದರು.

ಠಾಣೆಗೆ ಮರಳಿದ ಮೇಲೆ ಇನ್‌ಸ್ಪೆಕ್ಟರ್ ಪಂಚರ ಎದುರಿಗೇ ಫ್ಲಾಸ್ಕಿನ ನೀರನ್ನು ಸ್ವಲ್ಪ ಗಾಜಿನ ಲೋಟಕ್ಕೆ ಬಗ್ಗಿಸಿ, ಏಳನೆಯ ಲೋಟದಲ್ಲಿದ್ದಂತೆ ನಿಂಬೆ ಹಿಂಡಿದರು. ಕಡುನೀಲಿ ನೀರು ಕಣ್ಣೆದುರೇ ನೇರಳೆಗೆ ತಿರುಗಿತು. ಹೆಡ್ ಕಾನ್‌ಸ್ಟೆಬಲ್ ಇನ್ನೊಂದು ಸಲ ಹಿಂಡಬೇಕೆಂದರು. ತನಿಖೆಗೆ ಅದರ ಅಗತ್ಯವಿರಲಿಲ್ಲ. ಬೋಟಿನಲ್ಲಿ ಸಿಕ್ಕ ಲೋಟದಲ್ಲಿ ನಿಂಬೆ ಬಿದ್ದಿದ್ದರೂ ನೀಲಿ ನೀಲಿಯಾಗಿಯೇ ಉಳಿದಿತ್ತು. ಲಿಕರಿನ ಬಣ್ಣಕ್ಕೆ ನಿಂಬೆಯ ಹಂಗಿಲ್ಲ. ಅಂದಮೇಲೆ ಕ್ಯಾಪ್ಟನ್ ಕುಡಿದದ್ದು ಜಗ್ಗಿನಿಂದ.

ಕೈ ಮುರಿದುಕೊಂಡವರು ಒಬ್ಬ ಹಲ್ಲಿನ ಡಾಕ್ಟರಮ್ಮ. ಮಧ್ಯಾಹ್ನ 3.30ಕ್ಕೆ ಆಸ್ಪತ್ರೆಯಲ್ಲಿ ಹೇಳಿಕೆ ಕೊಟ್ಟರು. ನಿಂಬೆ ಹಿಂಡಿ ಬಣ್ಣ ಬದಲಿಸುವುದು ಕ್ಯಾಪ್ಟನ್ ಪ್ರತಿ ಸಲ ತೋರಿಸುವ ಆಟವಂತೆ. ಚುಕ್ಕಾಣಿ ಬಿಡುವಂತಿಲ್ಲವಾದ್ದರಿಂದ ಕೆಳಗಿನಿಂದ ಇಂಜಿನ್ ಮೇಸ್ತ್ರಿ ಬಂದು ಎಲ್ಲರಿಗೂ ಲೋಟ ತುಂಬಿಸಿ ಕೊಟ್ಟನಂತೆ. ಆಟವನ್ನು ಅವರು ಫೋನಿನಲ್ಲಿ ತೆಗೆದುಕೊಂಡಿದ್ದರು. ಇನ್‌ಸ್ಪೆಕ್ಟರ್ ಆ ವಿಡಿಯೊವನ್ನು ನಾಲ್ಕು ಬಾರಿ ನೋಡಿದರು.

ವಿಡಿಯೊದಲ್ಲಿ ಭಾನುವಾರ ಮಧ್ಯಾಹ್ನ 3.42. ಕ್ಯಾಪ್ಟನ್ ಲೋಟ ಎತ್ತಿ ನಿಂಬೆ ಹಿಂಡುತ್ತಾರೆ. ಎಲ್ಲರೂ ಒಂದು, ಎರಡು, ಮೂರು ಎಣಿಸುತ್ತಾರೆ. ಬಣ್ಣ ತಿರುಗುವುದಿಲ್ಲ. ಸಮುದ್ರಕ್ಕೆ ಇವತ್ತು ಮೂಡ್ ಇಲ್ಲ ಎಂದು ಯಾರೋ ನಗುತ್ತಾರೆ. ಕ್ಯಾಪ್ಟನ್ ಲೋಟವನ್ನು ನೋಡಿ, ತಲೆ ತಿರುಗಿಸಿ, ಇಂಜಿನ್ ಕೋಣೆಯ ಬಾಗಿಲಲ್ಲಿ ನಿಂತ ಮೇಸ್ತ್ರಿಯನ್ನು ನೋಡುತ್ತಾರೆ. ಎರಡು ಸೆಕೆಂಡು. ಆಮೇಲೆ ಅರ್ಧ ಲೋಟ ಒಂದೇ ಗುಟುಕಿಗೆ.

ಅದೇ ಆಸ್ಪತ್ರೆಯ ಮೇಲಿನ ಮಹಡಿಯಲ್ಲಿ ಕ್ಯಾಪ್ಟನ್ ಮಲಗಿದ್ದರು. ತಮಗೇನೂ ಗೊತ್ತಾಗಲಿಲ್ಲ ಎಂದರು.

"ಬಣ್ಣ ತಿರುಗಲಿಲ್ಲ ಅಲ್ವಾ?"

"ನೆನಪಿಲ್ಲ."

"ರುಚಿ?"

ಅವರು ಗೋಡೆಯ ಕಡೆಗೆ ಹೊರಳಿ ಮಲಗಿದರು. ಮೂವತ್ತು ವರ್ಷ ಕುಡಿದ ನಾಲಿಗೆಗೆ ರಮ್ಮಿನ ಗುರುತು ಹತ್ತಲಿಲ್ಲವೆಂದರೆ ಇನ್‌ಸ್ಪೆಕ್ಟರ್ ನಂಬುವವರಾಗಿರಲಿಲ್ಲ.

ದಿನಾಂಕ 13, ಮಂಗಳವಾರ, ಬೆಳಿಗ್ಗೆ 11.00. ಮೇಸ್ತ್ರಿ ದೋಣಿ ರಿಪೇರಿ ಷೆಡ್ಡಿನಲ್ಲಿ ಸಿಕ್ಕ. ಬಿಚ್ಚಿದ ಪಂಪಿನ ಮುಂದೆ ಕುಕ್ಕರುಗಾಲಿನಲ್ಲಿ ಕೂತಿದ್ದ. ಓಡಲಿಲ್ಲ, ಸುಳ್ಳೂ ಹೇಳಲಿಲ್ಲ. ಕೈ ತೊಳೆದುಕೊಳ್ಳಲು ಐದು ನಿಮಿಷ ಕೇಳಿದ.

"ಕ್ಯಾಪ್ಟನ್‌ಗೆ ಲೋಟ ಕೊಟ್ಟಿದ್ದು ಯಾರು?"

"ನಾನೇ."

"ಫ್ಲಾಸ್ಕು ಪಕ್ಕದಲ್ಲೇ ಇತ್ತಲ್ಲ?"

"ಇತ್ತು. ಜಗ್ಗಿನಿಂದ ಬಗ್ಗಿಸಿದೆ. ಮೇಲೊಂದಿಷ್ಟು ರಮ್ಮೂ ಹಾಕಿದೆ."

"ನಿಂಬೆ ಹಿಂಡಿದ ತಕ್ಷಣ ಸಿಕ್ಕಿಬೀಳ್ತೀನಿ ಅನ್ನಿಸಲಿಲ್ವಾ?"

ಮೇಸ್ತ್ರಿಗೆ ಹೂವಿನ ವಿಷಯವೇ ಗೊತ್ತಿರಲಿಲ್ಲ. ಆರು ವರ್ಷ ಇಂಜಿನ್ ಕೋಣೆಯ ಬಾಗಿಲಿನಿಂದ ಅವನಿಗೆ ಕಂಡದ್ದು ಕ್ಯಾಪ್ಟನ್‌ರ ಕೈ ಮತ್ತು ನಿಂಬೆಹಣ್ಣು ಮಾತ್ರ. ನಿಂಬೆ ಬಿದ್ದರೆ ಯಾವ ನೀಲಿಯಾದರೂ ತಿರುಗುತ್ತದೆ ಎಂದೇ ಅವನು ನಂಬಿದ್ದ.

ಯಾಕೆ ಕುಡಿಸಿದಿರಿ ಎಂದು ಇನ್‌ಸ್ಪೆಕ್ಟರ್ ಕೇಳಿದರು. ಇಬ್ಬರೂ ಒಂದೇ ಹಡಗಿನಲ್ಲಿ ಹತ್ತೊಂಬತ್ತು ವರ್ಷ ದುಡಿದವರು. ಕುಡಿತ ಬಿಟ್ಟ ದಿನದಿಂದ ಕ್ಯಾಪ್ಟನ್ ಅವನನ್ನು ಮನೆಗೆ ಕರೆದಿರಲಿಲ್ಲ. ಎದುರಿಗೆ ಬಂದರೆ ಕೆಲಸದ ಮಾತು: ಡೀಸೆಲ್ ಎಷ್ಟಿದೆ, ಬೆಲ್ಟು ಸರಿಯಿದೆಯೇ. ಅಷ್ಟೇ.

"ಆರು ವರ್ಷದಿಂದ ಇಂಜಿನ್ ಜೊತೆ ಮಾತಾಡ್ತಿದ್ದೀನಿ ಮೇಡಂ. ಮೊದಲೆಲ್ಲ ನನ್ನನ್ನ ಗ್ರೀಸು ಅಂತ ಕರೀತಿದ್ದ. ಆಮೇಲೆ ಮೇಸ್ತ್ರಿ ಆಗ್ಬಿಟ್ಟೆ. ಒಂದೇ ಒಂದ್ಸಲ ಅವನು ಮೊದಲಿನ ಹಾಗೆ ಆಗಲಿ ಅಂತಿತ್ತು. ಬೋಟು ಹೀಗಾಗತ್ತೆ ಅಂತ ಕನಸಲ್ಲೂ ಅಂದ್ಕೊಂಡಿರಲಿಲ್ಲ."

"ಆದ್ರಾ, ಮೊದಲಿನ ಹಾಗೆ?"

"ಖಾಲಿ ಲೋಟ ಕೆಳಗೆ ಚಾಚಿ, ಗ್ರೀಸು, ಇನ್ನೊಂದು ತಾ ಅಂದ. ಕೊಟ್ಟೆ. ಆಮೇಲೆ ಮೂರನೇದು. ಬೇಡ ಅನ್ನೋಕೆ ಬಾಯಿ ಬರಲಿಲ್ಲ. ಖುಷಿಯಾಗಿತ್ತು ನನಗೆ."

ಮಧ್ಯಾಹ್ನ 12.20ಕ್ಕೆ ದಸ್ತಗಿರಿ. ಆಪಾದಿತನ ಮೈಮೇಲೆ ಒಂದು ಬೀಗದ ಕೈ, ಒಂದು ಕರವಸ್ತ್ರ. ಹಿಂದೆ ಯಾವ ಕೇಸೂ ಇಲ್ಲ. ಉದ್ದೇಶ ಎಂಬ ಜಾಗದಲ್ಲಿ ಹೆಡ್ ಕಾನ್‌ಸ್ಟೆಬಲ್ 'ಸ್ನೇಹ' ಎಂದು ಬರೆದು, ಇನ್‌ಸ್ಪೆಕ್ಟರ್ ಮುಖ ನೋಡಿದರು. ಅವರು ಹೊಡೆದುಹಾಕಲು ಹೇಳಲಿಲ್ಲ.

ಸಂಜೆ 4.00ಕ್ಕೆ ದೂರುದಾರರನ್ನು ಕರೆಸಿದರು. ಇನ್‌ಸ್ಪೆಕ್ಟರ್ ಮೊದಲು ವಿಡಿಯೊ ತೋರಿಸಿದರು, ಆಮೇಲೆ ಮೇಸ್ತ್ರಿಯ ಹೇಳಿಕೆಯನ್ನು ಒಂದಕ್ಷರ ಬಿಡದೆ ಓದಿದರು. ಎರಡನೇ ಲೋಟದ ಮಾತನ್ನು ಬಿಡಬೇಕೆಂದು ಮನಸ್ಸು ಬಹಳ ಎಳೆದಿತ್ತು. ಆದರೆ ಆಕೆ ಕೇಳಿದ್ದು ಅದೊಂದನ್ನೇ. ಓದಿ ಮುಗಿದ ಮೇಲೆ ಆಕೆ, ತಾನು ಇನ್ನೊಂದು ಹೇಳಿಕೆ ಕೊಡಬಹುದೇ ಎಂದು ಕೇಳಿ, ವಿಡಿಯೊದಲ್ಲಿ ಕಂಡದ್ದನ್ನು ಇದ್ದದ್ದು ಇದ್ದ ಹಾಗೆ ಬರೆಸಿದರು.

ಆಗಲೇ ಮೇಸ್ತ್ರಿಯನ್ನು ಕೋರ್ಟಿಗೆ ಕರೆದೊಯ್ಯಲು ಹೊರಗೆ ತಂದರು. ಆಕೆಯನ್ನು ಕಂಡು ಅವನು ನಿಂತ.

"ಅತ್ತಿಗೆ, ಎಲ್ಲಾ ನನ್ನದೇ ತಪ್ಪು ಅಂತ ಬರೆಸಿ. ಅವನನ್ನ ಬಿಟ್ಟುಬಿಡಿ."

ಆಕೆ ಅವನನ್ನು ಬೈಯಲಿಲ್ಲ. ಬೈಯುತ್ತಾರೆಂದು ಕಾನ್‌ಸ್ಟೆಬಲ್‌ಗಳು ಕಾದಿದ್ದರು.

"ಮೊದಲನೇ ಲೋಟ ನಿನ್ನದು, ಒಪ್ತೀನಿ. ಎರಡನೇದು ನಿನ್ನದಲ್ಲ."

ಜೀಪು ಹೊರಟ ಮೇಲೆ, ಆಸ್ಪತ್ರೆಯವರೆಗೆ ಬಿಡಿಸಲೇ ಎಂದು ಇನ್‌ಸ್ಪೆಕ್ಟರ್ ಕೇಳಿದರು. ಆಕೆ ಬೇಡವೆಂದರು.

"ಅವರನ್ನ ಮನೆಗೆ ಯಾವತ್ತು ಕಳಿಸ್ತಾರೆ, ಅದೊಂದು ಕೇಳಿ ಹೇಳಿ. ಅಷ್ಟರೊಳಗೆ ನನ್ನ ಹೊಲಿಗೆ ಮಿಷನ್ ಸಾಗಿಸಬೇಕು."

ಹೆಡ್ ಕಾನ್‌ಸ್ಟೆಬಲ್ ಆಸ್ಪತ್ರೆಗೆ ಫೋನ್ ಮಾಡಿ ವಿಚಾರಿಸಿ, ಗುರುವಾರ ಎಂದು ಹೇಳಿದರು.