ಭೂಮಿ ಬಾಯಿ ತೆರೆಯುವ ತಿಂಗಳು

"ಪಾಸ್ಟರೇ, ಹೊಸ ಊಟದ ಮನೆ ಮೂಲೇಲಿ ಹೂತಿರೋದನ್ನ ಕೆದಕಬೇಡಿ. ಅದರಲ್ಲೂ ಆಗಸ್ಟಲ್ಲಿ ಬೇಡವೇ ಬೇಡ," ಎಂದು ರೆಕ್ಟರ್ ಒಬೇದ್ ಚೋಕೆ ಬಾಗಿಲು ಮುಚ್ಚಿಕೊಂಡು, ದನಿ ತಗ್ಗಿಸಿ ಹೇಳಿದರು.

ಅಬ್ನೇರ್ ಗಹಗಹಿಸಿ ನಕ್ಕ. "ಬೈಬಲ್ ಕಲಿಸೋ ವಿಶ್ವವಿದ್ಯಾಲಯದ ರೆಕ್ಟರ್ ಆಡೋ ಮಾತಾ ಇದು?"

"ನೀವು ಕೆಳಗಿನ ಬಿಸಿಲೂರಿನವರು. ಇಲ್ಲಿ ಈ ತಿಂಗಳು ಭೂಮ್ತಾಯಿ ಬಾಯಿ ತೆರೆದಿರ್ತಾಳೆ."

"ತೆರೀಲಿ ಬಿಡಿ. ನಾನೂ ಒಂದ್ಸಲ ಇಣುಕಿ ನೋಡ್ತೀನಿ."

ಸಾಂತಾ ಕ್ರೂಸ್‌ನ ಸೆಕೆಯಿಂದ ಎಲ್ ಆಲ್ತೋದ ಕೊರೆಯುವ ಚಳಿಗೆ ಬಂದು ವಿದ್ಯಾರ್ಥಿನಿಲಯ, ಊಟದ ಮನೆಗಳ ಉಸ್ತುವಾರಿ ಹೊತ್ತಿದ್ದ ಅಬ್ನೇರನಿಗೆ ನಮ್ಮ ಒಳಗುಟ್ಟು ಹೊಸದು. ನಾವು ಚಾಪೆಲಿನಲ್ಲಿ ವಿಗ್ರಹಗಳನ್ನು ಬಾಯ್ತುಂಬ ಬಯ್ಯುವವರೇ. ಆದರೆ ಯಾವ ಕಟ್ಟಡಕ್ಕೆ ಪಾಯ ತೋಡಿದರೂ ಮೇಸ್ತ್ರಿ ಮೂಲೆಯಲ್ಲಿ ಸಕ್ಕರೆ ಮಿಠಾಯಿ, ಕೋಕಾ ಎಲೆ ಹಾಸಿ, ಮೇಲೊಂದು ಸುಲ್ಲು ಮಲಗಿಸುತ್ತಾನೆ. ತಾಯಿಯ ಹೊಟ್ಟೆಯಲ್ಲೇ ಸತ್ತ ಲಾಮಾ ಎಂಬ ಉಣ್ಣೆಪ್ರಾಣಿಯ ಮರಿಯನ್ನು ಒಣಗಿಸಿದ್ದು ಅದು. ಅಷ್ಟು ಹೊತ್ತೂ ನಾವು ಪಾಸ್ಟರುಗಳೆಲ್ಲ ಬೆನ್ನು ತಿರುಗಿಸಿ ಇಲ್ಲಿಮಾನಿ ಬೆಟ್ಟದ ಹಿಮ ನೋಡುತ್ತ ನಿಲ್ಲುತ್ತೇವೆ. ಕಂಡೂ ಕಾಣದಂತಿರುವುದರಲ್ಲಿ ನಮ್ಮನ್ನು ಮೀರಿಸುವವರಿಲ್ಲ.

ಮರುದಿನ ನಡು ಮಧ್ಯಾಹ್ನ, ವಿದ್ಯಾರ್ಥಿಗಳನ್ನೆಲ್ಲ ಸುತ್ತ ನಿಲ್ಲಿಸಿಕೊಂಡು ಅಬ್ನೇರ್ ತಾನೇ ಹಾರೆ ಹಿಡಿದ. ನೆಲ ಬಿರಿಯುತ್ತಲೇ ಸುಟ್ಟ ಸಕ್ಕರೆಯ, ಹೆಂಡದ, ಹಳೇ ಉಣ್ಣೆಯ ವಾಸನೆ ಗಪ್ಪೆಂದು ಎದ್ದಿತು. ಅವನು ಸುಲ್ಲುವನ್ನು ಹಿಂಗಾಲು ಹಿಡಿದು ಎತ್ತಿದ. ಮುಚ್ಚಿದ ಕಣ್ಣು, ಬೆರಳುಗುರಿನಷ್ಟು ಗೊರಸು.

"ಇದಕ್ಕಾ ನೀವು ಹೆದರೋದು?"

ಕೆಲವರು ನಕ್ಕರು. ಆರು ತಿಂಗಳ ಬಸುರಿ ನೀಲ್ದಾ ಅಡುಗೆಮನೆಯಿಂದ ಓಡಿ ಬಂದಳು. ಅಬ್ನೇರನ ಹೆಂಡತಿ, ಇದೇ ಊರಿನವಳು. ಕೈಯಲ್ಲಿ ಹೆಣೆಯುತ್ತಿದ್ದ ಕೂಸಿನ ಹಳದಿ ಟೊಪ್ಪಿಗೆ.

"ರೀ, ವಾಪಸ್ ಇಟ್ಬಿಡ್ರೀ. ನಿಮ್ಮ ಕಾಲಿಗೆ ಬೀಳ್ತೀನಿ."

"ಪಾಸ್ಟರ ಹೆಂಡ್ತಿ ನೀನೂ ಹಿಂಗಂದ್ರೆ ಹೆಂಗೆ?" ಎಂದವನೇ ಅದನ್ನು ಬೇಲಿಯಾಚೆಯ ನಾಯಿಗಳತ್ತ ಬೀಸಿ ಎಸೆದ. ನಾಯಿಗಳು ಮೂಸಲೂ ಇಲ್ಲ. ಬಾಲ ಮುದುರಿ ಓಡಿದವು.

ಮೇಸ್ತ್ರಿ ಸೆವೇರೋ ಕರಣೆ ಚೀಲಕ್ಕೆ ತುರುಕಿಕೊಂಡ. "ಬಾಯಿಗಿಟ್ಟ ತುತ್ತು ಕಿತ್ಕೊಂಡ್ರಿ, ಪಾಸ್ಟರೇ. ಭೂಮ್ತಾಯಿ ಅಂಥದ್ದೇ ಇನ್ನೊಂದು ಕೇಳ್ತಾಳೆ," ಎಂದು ನೀಲ್ದಾಳ ಹೊಟ್ಟೆಯತ್ತ ನೋಡಲಾರದೆ ನೋಡಿ ಹೊರಟುಹೋದ.

ಆ ಗುಂಡಿಗೆ ತುಂಬಿದ ಸಿಮೆಂಟು ಗಟ್ಟಿಯಾಗಲೇ ಇಲ್ಲ. ಕಾಲಿಟ್ಟರೆ ಚಪ್ಪರಿಸುವ ಸದ್ದು. ಗೋಡೆಯಲ್ಲಿ ಬಿರುಕು ಮೂಡಿತು. ಮನೆಯಲ್ಲಿ ನೀಲ್ದಾ ಹೊಟ್ಟೆಯ ಮೇಲೆ ಕೈಯಿಟ್ಟು ಕೂತಳು. "ನಿನ್ನೆಯಿಂದ ಒದೀತಿಲ್ಲ ರೀ."

ಡಾಕ್ಟರು ಕೂಸಿನ ಎದೆಬಡಿತ ಇದೆ ಎಂದರು, ಆದರೆ ಕ್ಷೀಣವಾಗಿದೆ ಎಂದರು. "ಇನ್ನೊಂದು ಸುಲ್ಲು ತರಿಸಿ ಹೂಳಿಬಿಡಿ. ಯಾರೂ ಬಾಯಿ ಬಿಡಲ್ಲ," ಎಂದು ರೆಕ್ಟರ್ ಅಂಗಲಾಚಿದರು. ಅಬ್ನೇರನ ನಾಲಿಗೆ ತುದಿವರೆಗೂ 'ಆಯಿತು' ಬಂದಿತ್ತು. ಅಷ್ಟು ಜನರೆದುರು ಕೊಚ್ಚಿಕೊಂಡವನು ಈಗ ಯಾವ ಮುಖ ಹೊತ್ತು ಹೂಳುವುದು? ಪ್ರತಿಷ್ಠೆ ಮಾನವಂತರನ್ನೇ ಮೊದಲು ತಿನ್ನುತ್ತದೆ. ಪ್ರಾರ್ಥನೆ ಸಾಕು ಎಂದುಬಿಟ್ಟ.

ಊಟದ ಮನೆಯ ಪ್ರಾರಂಭೋತ್ಸವದ ಭಾನುವಾರ ಬಂತು. ವಿದ್ಯಾರ್ಥಿಗಳು ಬೆಂಚು ತುಂಬಿದರು. ಕಡಲೆಕಾಯಿ ಸೂಪು ಹಬೆಯಾಡುತ್ತಿತ್ತು. ಅಬ್ನೇರ್ ಕಣ್ಣು ಮುಚ್ಚಿ, "ಈ ಅನ್ನಕ್ಕಾಗಿ, ಕರ್ತನೇ..." ಎಂದ.

ಹೊರಗೆ ಮೋಡ ಕವಿಯಿತು. ದೀಪ ಆರಿತು. ಸೂಪಿನ ವಾಸನೆ ಅಳಿದು ಸುಟ್ಟ ಸಕ್ಕರೆಯ ವಾಸನೆ. ಮೂಲೆಯಲ್ಲಿ ಚಪ್ಪರಿಕೆ. ಮತ್ತೆ ಚಪ್ಪರಿಕೆ. ಬಿರುಕು ಗೋಡೆ ಹತ್ತಿತು. ಸೂರಿಗೆ ತಲುಪಿತು. ತೊಲೆ ನರಳಿತು. ಯಾರೋ ಬಾಗಿಲಿಗೆ ಓಡಿದರು. ತೆರೆಯಲಿಲ್ಲ. ಕತ್ತಲೆ. ಕಿರುಚಾಟ. ಅದರ ನಡುವೆ ಒಂದು ದನಿ. ನೀಲ್ದಾಳದ್ದು.

ಮೂಲೆಯ ಹಸಿ ಸಿಮೆಂಟಿನ ಮೇಲೆ ಅವಳು ಕುಸಿದಿದ್ದಳು. ಲಂಗದಿಂದ ರಕ್ತ ಇಳಿಯುತ್ತಿತ್ತು. ಕೆಳಗೆ ಏನೋ ಗುಟುಕರಿಸಿತು.

ಆಮೇಲೆ ಎಲ್ಲ ನಿಂತಿತು. ಬಾಗಿಲು ತಾನಾಗಿ ತೆರೆಯಿತು. ಒಬ್ಬ ವಿದ್ಯಾರ್ಥಿಗೂ ತರಚು ಗಾಯ ಆಗಿರಲಿಲ್ಲ.

ಆಸ್ಪತ್ರೆಯವರು ಕೂಸನ್ನು ಬಟ್ಟೆಯಲ್ಲಿ ಸುತ್ತಿ ಕೊಟ್ಟರು. ಅಬ್ನೇರ್ ಸಮಾಧಿಯ ಮಾತೆತ್ತಿದ. ನೀಲ್ದಾ ಗೋಡೆಯತ್ತ ಮುಖ ಮಾಡಿಯೇ ಹೇಳಿದಳು: "ಆ ಮೂಲೇಲೇ ಇಡಿ. ಬೇರೆಯವರ ಮಕ್ಕಳೂ ಅಲ್ಲೇ ಉಣ್ಣೋದು."

ಅವನು ಇಟ್ಟ. ಸಂಜೆಯೊಳಗೆ ಸಿಮೆಂಟು ಕಲ್ಲಾಯಿತು.

ದೇವರು ಮಕ್ಕಳನ್ನೆಲ್ಲ ಕಾಪಾಡಿದನೆಂದು ರೆಕ್ಟರ್ ಚಾಪೆಲಿನಲ್ಲಿ ಸಾಕ್ಷಿ ಹೇಳಿದರು. ನಾವೆಲ್ಲ ಆಮೆನ್ ಎಂದೆವು. ಥೂ, ನಮ್ಮ ನಾಲಿಗೆಗೆ ಮೂಳೆಯೇ ಇಲ್ಲ.

ಮುಂದಿನ ಆಗಸ್ಟಿನಲ್ಲಿ ಹೊಸ ವಿದ್ಯಾರ್ಥಿನಿಲಯಕ್ಕೆ ಪಾಯ ತೋಡಿದರು. ಸೆವೇರೋ ಚೀಲ ಬಿಚ್ಚಿದ. ಪಾಸ್ಟರುಗಳೆಲ್ಲ ಎಂದಿನಂತೆ ಬೆಟ್ಟದತ್ತ ತಿರುಗಿದೆವು. ಅಬ್ನೇರ್ ಒಬ್ಬನೇ ತಿರುಗಲಿಲ್ಲ. ಗುಂಡಿಗಿಳಿದು, ಮೊಣಕಾಲೂರಿ, ಸಕ್ಕರೆಯನ್ನು ತಾನೇ ಹಾಸಿದ. ಸುಲ್ಲುವನ್ನು ಎರಡೂ ಕೈಯಲ್ಲಿ ತಗೊಂಡ, ಕತ್ತಿನ ಕೆಳಗೆ ಅಂಗೈ ಕೊಟ್ಟು. ಜೇಬಿನಿಂದ ಹಳದಿ ಟೊಪ್ಪಿಗೆ ತೆಗೆದು ಅದರ ತಲೆಗೆ ಹಾಕಿದ.

ಅಳತೆ ಸರಿಯಾಗಿತ್ತು.